ನೇರಳೆ ಬಣ್ಣದ ಒಂಬತ್ತು ಹೆಸರು

ಮೈರಿಗ್ ತೀರಿಕೊಂಡ ಹದಿನೇಳನೇ ದಿನ
ನನಗೆ ಹೇಳಿ ಕಳಿಸಿದರು.
ವೇಲ್ಸಿನ ಕಣಿವೆ, ಮುಚ್ಚಿದ ಗಣಿಯ ಕೆಳಗಿನ ಊರು,
ಪ್ರಾರ್ಥನಾಮಂದಿರದ ಹಿಂದಿನ ಕೋಣೆ,
ಒದ್ದೆ ಕೋಟುಗಳ ವಾಸನೆ.
ಇವರದು ಒಂದು ವ್ಯಾನು, ಆರು ಜನ ಚಾಲಕರು.
ಬಸ್ಸು ನಿಂತುಹೋದ ಮೇಲೆ
ಆಸ್ಪತ್ರೆಗೆ ಹೋಗುವವರನ್ನು ಬಿಟ್ಟು, ಕಾದು, ಕರೆತರುವ ಕೆಲಸ.
ಸಂಬಳವಿಲ್ಲ. ಬಿಸ್ಕತ್ತಿದೆ.

ಮೇಜಿನ ಮೇಲೆ ಅವನ ಲ್ಯಾಪ್‌ಟಾಪು,
ಹನ್ನೊಂದು ವರ್ಷದ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿ.
"ನಾಯಿಯ ಹೆಸರು ಹಾಕಿ ನೋಡಿ," ಎಂದಳು ನೆರಿಸ್.
ಹಾಕಿದೆ. ತೆರೆದುಕೊಂಡೇ ಬಿಟ್ಟಿತು.
ಇದಕ್ಕಾಗಿ ಅವನನ್ನು ಚೆನ್ನಾಗಿ ಬೈಯಬೇಕಿತ್ತು,
ಬೈಸಿಕೊಳ್ಳಲು ಅವನಿರಲಿಲ್ಲ.

ಗೆಥಿನ್ ಕೈಯಲ್ಲಿ ಹೊಳೆಯುವ ಕಾಗದ:
ಹೊಸ ತಂತ್ರಾಂಶ, ವರ್ಷಕ್ಕೆ ಮೂರು ಸಾವಿರ ಪೌಂಡು,
ನಕ್ಷೆಯ ಮೇಲೆ ವ್ಯಾನು ಇರುವೆಯಂತೆ ಹರಿದಾಡುತ್ತದಂತೆ.
"ಇರುವುದೇ ಒಂದು ವ್ಯಾನು, ಗೆಥಿನ್.
ಎಲ್ಲಿದೆಯೆಂದು ಈ ಕಿಟಕಿಯಿಂದಲೇ ಕಾಣುತ್ತದೆ.
ಹಿಂದಿನ ಟೈರು ಬೋಳಾಗಿರುವುದೂ ಕಾಣುತ್ತದೆ."

ಹೋದಲ್ಲೆಲ್ಲ ನಾನು ಹೇಳುವುದು ಇಷ್ಟೆ:
ಪಾಸ್‌ವರ್ಡು ಇಬ್ಬರಿಗೆ ಗೊತ್ತಿರಲಿ, ನಾಯಿಗೆ ಬೇಡ.
ಪಟ್ಟಿಯ ಪ್ರತಿಯೊಂದು ಬೇರೆ ಸೂರಿನ ಕೆಳಗಿರಲಿ.
ಏನನ್ನೇ ಕೊಳ್ಳುವ ಮೊದಲು, ಅದು ಕೆಟ್ಟ ದಿನ
ಯಾರು ಚಳಿಯಲ್ಲಿ ನಿಲ್ಲುತ್ತಾರೆಂದು ಕೇಳಿಕೊಳ್ಳಿ.
ಬಣ್ಣ ಬಳಿದರೆ, ಏಕೆ ಬಳಿದಿರೆಂದು ಬರೆದಿಡಿ.
ಬರೆಯದ ಗುರುತು ಬಳಿದವನ ಜೊತೆಗೇ ಮಣ್ಣಾಗುತ್ತದೆ.

ಮೈರಿಗ್ ಬರೆದಿಟ್ಟಿರಲಿಲ್ಲ.
ಹಳದಿ ಗೊತ್ತಾಯಿತು: ವಾರಕ್ಕೆ ಮೂರು ಸಲ ಡಯಾಲಿಸಿಸ್.
ಹಸಿರು, ಗಾಲಿಕುರ್ಚಿ.
ಕಿತ್ತಳೆ, ಗ್ಲೆನಿಸ್ ಒಬ್ಬಳೇ: ಮುಂದಿನ ಸೀಟು ಕೊಡದಿದ್ದರೆ ವಾಂತಿ.
ನೇರಳೆ?
ಒಂಬತ್ತು ಹೆಸರು. ವಯಸ್ಸು ಬೇರೆ, ಬೀದಿ ಬೇರೆ, ಕಾಯಿಲೆ ಬೇರೆ.
"ಕುಡಿದು ಬರುವವರಿರಬೇಕು," ಎಂದ ಗೆಥಿನ್,
ಏಳನೆಯದು ತನ್ನ ಅತ್ತೆಯ ಹೆಸರೆಂದು ಕಾಣುವವರೆಗೆ.

ಇರಲಿ ಎಂದು ಮುಂದೆ ಹೋದೆ.
ನಾನೇ ಒಂದು ಏರ್ಪಾಡು ಮಾಡಿಕೊಟ್ಟೆ, ಪುಕ್ಕಟೆಯದು:
ಹಿಂದಿನ ರಾತ್ರಿ ಎಲ್ಲರ ಫೋನಿಗೂ ಒಂದು ಮೆಸೇಜು,
ನಾಳೆ ಎಂಟೂವರೆಗೆ ವ್ಯಾನು.
ಗುರುವಾರ ಇಬ್ಬರು ಬಾಗಿಲಿಗೆ ಬರಲಿಲ್ಲ.
ಶುಕ್ರವಾರ ಒಬ್ಬ.
ಮೂವರೂ ನೇರಳೆ.

ಇಡ್ವಾಲನ ಮನೆಗೆ ನಾನೇ ಹೋದೆ.
ಹದಿನೈದಕ್ಕೇ ಗಣಿಗೆ ಇಳಿದವನು.
ಫೋನು ತೆಗೆದು ನನ್ನ ಕೈಗೇ ಕೊಟ್ಟ:
"ಕನ್ನಡಕ ಎಲ್ಲಿ ಬಿಟ್ಟೆನೋ. ಏನಂತೆ ಅದು?"
ಕನ್ನಡಕ ಅವನ ಹಣೆಯ ಮೇಲಿತ್ತು.
ನಾನು ಓದಿದೆ. ಅವನು ಕಿಟಕಿ ನೋಡಿದ.
"ಮೈರಿಗ್ ಆದರೆ ಫೋನು ಮಾಡುತ್ತಿದ್ದ," ಎಂದ,
"ರಗ್ಬಿ ಮಾತಾಡುವ ನೆಪದಲ್ಲಿ."

ಇಳಿಜಾರಿನುದ್ದಕ್ಕೂ ಅದೇ ಯೋಚನೆ.
ಒಂಬತ್ತು ಜನರ ಗುಟ್ಟನ್ನು
ಒಂದು ಬಣ್ಣದಡಿ ಮುಚ್ಚಿಟ್ಟು ಹೋದವನು
ಬರೆಯಲು ಮರೆತನೋ, ಬೇಕೆಂದೇ ಬರೆಯಲಿಲ್ಲವೋ.
ಎಲ್ಲವನ್ನೂ ಬರೆದಿಡಿ ಎನ್ನುವ ನನ್ನ ನಾಲಗೆ
ಬಾಯೊಳಗೇ ಭಾರವಾಯಿತು.

ಹಾಳೆಯ ಅಡಿಯಲ್ಲಿ ಈಗ ಬಣ್ಣಗಳ ಅರ್ಥವಿದೆ,
ಹಳದಿಗೆ, ಹಸಿರಿಗೆ, ಗ್ಲೆನಿಸಳ ಹೊಟ್ಟೆಗೆ.
ನೇರಳೆಯ ಎದುರು ಎರಡೇ ಪದ:
ಫೋನ್ ಮಾಡಿ.

ಏಕೆಂದು ಗೆಥಿನ್ ಕೇಳಿದ.
ಅವನೇ ಒಮ್ಮೆ ಹೇಳಿದ್ದ, ಒಂದೇ ಚಿತ್ರಪುಸ್ತಕ ಹಿಡಿದು
ಅತ್ತೆ ಮಕ್ಕಳಿಗೆ ದಿನಕ್ಕೊಂದು ಕಥೆ ಹೇಳುತ್ತಾಳೆಂದು.
"ರಗ್ಬಿ ಮಾತಾಡಬೇಕಂತೆ ಅವರಿಗೆ," ಎಂದೆ.
"ನಮ್ಮತ್ತೆಗೆ? ರಗ್ಬಿ?" ನಗತೊಡಗಿದ.
ಆ ಟೈರು ಯಾವಾಗ ಬದಲಾಯಿಸುತ್ತೀರಿ ಎಂದು
ನಾನು ಕೇಳಿದೆ.